ಬ್ಲಾಕ್ ಕತ್ತರಿಸಿದ ಅಕ್ಕಾರಿಗೆ, ಜೊತೆಗೆ ನಿಂತ ಎಲ್ಲರಿಗೂ

ಶ್ವಾಸಕೋಶ ಕ್ಯಾನ್ಸರಿನ ಮ್ಯುಟೇಶನ್ (ಜೀನಿನಲ್ಲಾಗುವ ಬದಲಾವಣೆ) ಅಧ್ಯಯನದ ಕೊನೆಯ ವರದಿ ಈ ವಾರ ಸಲ್ಲಿಕೆಯಾಯಿತು. ಅದರಲ್ಲಿ ಏನಿದೆ ಎಂಬುದು ಹುಬ್ಬಳ್ಳಿ-ಧಾರವಾಡದ ಗೆಳೆಯರಿಗೆಲ್ಲ ಗೊತ್ತಿದೆ. ಉಳಿದಿರುವುದು ಋಣದ ಮಾತು.

ಗದಗ, ಹಾವೇರಿಯಿಂದ ಸ್ಯಾಂಪಲ್ ಡಬ್ಬಿಗಳನ್ನು ಜೋಪಾನವಾಗಿ ತಲುಪಿಸಿದ ಬಸ್ಸಿನ ಸಿಬ್ಬಂದಿ, ಭಾನುವಾರವೂ ಸ್ಲೈಡ್ ನೋಡಿಕೊಟ್ಟ ಪೆಥಾಲಜಿ ಮೇಡಂ, ಲೆಕ್ಕ ತಿದ್ದಿದ ಸಂಖ್ಯಾಶಾಸ್ತ್ರದ ಸರ್, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಕುಟುಂಬಗಳು, ಎಲ್ಲರಿಗೂ ಮನಸಾರೆ ನಮಸ್ಕಾರ.

ಇನ್ನು ಟಿಶ್ಯೂ ಲ್ಯಾಬಿನ ಅಕ್ಕಾರು. ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕನ್ನು ತೆಳ್ಳನೆಯ ಪದರಗಳಾಗಿ (ಸೆಕ್ಷನ್) ಕತ್ತರಿಸುವವರು. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಹಾಕುವುದಿಲ್ಲ. ಆದರೆ ಅವರು ಮಾಡಿದ ಕೆಲಸ ಏನೆಂದು ಎಲ್ಲರಿಗೂ ತಿಳಿಯಲೇಬೇಕು.

2004ರಲ್ಲಿ ಬಾಸ್ಟನ್ ಮತ್ತು ನ್ಯೂಯಾರ್ಕಿನ ತಂಡಗಳು ಇಜಿಎಫ್‌ಆರ್ ಎಂಬ ಜೀನಿನ ಮ್ಯುಟೇಶನ್ನಿಗೂ ಗೆಫಿಟಿನಿಬ್ ಎಂಬ ಕ್ಯಾನ್ಸರ್ ಗುಳಿಗೆಗೂ ಇರುವ ನಂಟನ್ನು ತೋರಿಸಿದ ಮೇಲೆ, ಸೂಜಿ ಬಯಾಪ್ಸಿಯ ಒಂದು ಎಳೆಯಿಂದಲೇ ಎಲ್ಲ ಉತ್ತರ ಬೇಕಾಗಿದೆ. ಕ್ಯಾನ್ಸರಿನ ಬಗೆ ತಿಳಿಸುವ ಟಿಟಿಎಫ್-1, ಪಿ40 ಬಣ್ಣಕ್ಕೆ ಒಂದಿಷ್ಟು, ಇನ್ನೊಂದು ಜೀನಾದ ಎಎಲ್‌ಕೆಗೆ ಒಂದಿಷ್ಟು, ಡಿಎನ್‌ಎಗೆ ಉಳಿದದ್ದು. ಬ್ಲಾಕನ್ನು ಮೈಕ್ರೋಟೋಮಿನಿಂದ (ಕತ್ತರಿಸುವ ಯಂತ್ರ) ಇಳಿಸಿ ಇನ್ನೊಂದು ದಿನ ಏರಿಸಿದರೆ ಮುಖ ಸಮ ಮಾಡುವಾಗಲೇ ಎಷ್ಟೋ ಟಿಶ್ಯೂ ಉದುರಿ ಹೋಗುತ್ತದೆ. "ಒಮ್ಮಿ ಏರಿಸಿದ್ರ ಎಲ್ಲಾ ಕಟ್ ಮಾಡೇ ಇಳಸೂದ್ರಿ," ಎಂಬುದು ಅಕ್ಕಾರ ನಿಯಮ. ಬಣ್ಣಕ್ಕೆ 4 ಮೈಕ್ರಾನಿನ ಸೆಕ್ಷನ್‌ಗಳು, ಡಿಎನ್‌ಎಗೆ ಸ್ವಲ್ಪ ದಪ್ಪನೆಯವು, ಎಲ್ಲ ಒಂದೇ ಸಲಕ್ಕೆ. ಒಂದು ಬ್ಲಾಕ್ ಮುಗಿದರೆ ಬ್ಲೇಡ್ ಬದಲು, ಹಿಡಿಕೆಯನ್ನು ಮೇಣ ಕರಗಿಸುವ ಝೈಲೀನಿನಿಂದ ಒರೆಸುವುದು. ಹಿಂದಿನ ರೋಗಿಯ ಒಂದು ಚೂರು ಅಂಟಿಕೊಂಡರೂ ಡಿಎನ್‌ಎಯ ನಕಲು ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಅದನ್ನೇ ಹಿಗ್ಗಿಸಿ, ಇಲ್ಲದ ಮ್ಯುಟೇಶನ್ನನ್ನು ಇದೆ ಅನ್ನುತ್ತದೆ.

ಗೆಫಿಟಿನಿಬ್ ನಾಟದಂತೆ ಮಾಡುವ ಮ್ಯುಟೇಶನ್ ಟಿ790ಎಂ. ಅದು ಇಲ್ಲದಿದ್ದರೂ ಇದೆಯೆಂದು ಕಂಡಾಗ ಆ ಸುಳ್ಳನ್ನು ಹಿಡಿದದ್ದೂ ಅವರ ಕಣ್ಣೇ. ಟಿಶ್ಯೂ ಕೆಡದಂತೆ ಇಡುವ ಫಾರ್ಮಾಲಿನ್ನಿನಲ್ಲಿ ಬಹಳ ದಿನ ಬಿದ್ದ ಟಿಶ್ಯೂವಿನ ಡಿಎನ್‌ಎಯಲ್ಲಿ ಸಿ ಅಕ್ಷರ ಟಿ ಆಗಿ ಓದಿಸಿಕೊಳ್ಳುತ್ತದೆ. ಟಿ790ಎಂ ಆಗುವುದೂ ಅದೇ ಬದಲಾವಣೆಯಿಂದ. ತೀರ ಕಡಿಮೆ ಪ್ರಮಾಣದಲ್ಲಿ ಅದು ಕಂಡಾಗಲೆಲ್ಲ ಅಕ್ಕಾರು ಮೊದಲು ರಿಜಿಸ್ಟರ್ ತೆಗೆದು, ಡಬ್ಬಿ ಎಷ್ಟು ದಿನ ಹಾಗೇ ಕೂತಿತ್ತು ಎಂದು ನೋಡುತ್ತಿದ್ದರು. ಆಮೇಲೆ ಬೇರೆ ಸೆಕ್ಷನ್ನಿನಿಂದ ಮತ್ತೊಮ್ಮೆ ಪರೀಕ್ಷೆ. ಟಿ790ಎಂ ಇದ್ದರೂ ಕೆಲಸ ಮಾಡುವ ಗುಳಿಗೆ ಒಸಿಮರ್ಟಿನಿಬ್ 80 ಮಿಲಿಗ್ರಾಂ ಬರೆಯುವ ಮುಂಚೆ ವೈದ್ಯರಿಗೆ ಬೇಕಾದದ್ದು ಈ ಖಾತ್ರಿ.

ಆ ಮಳೆಯ ರಾತ್ರಿಯನ್ನೂ ಹೇಳಬೇಕು. ಹಾವೇರಿ ಕಡೆಯ ತಾಯಿಯೊಬ್ಬರ ಬ್ಲಾಕು. ಬೀಡಿ ಮುಟ್ಟಿದವರಲ್ಲ, ತಿಂಗಳುಗಟ್ಟಲೆ ಟಿಬಿ ಎಂದೇ ಔಷಧ ನಡೆದಿತ್ತು. ಉಸಿರಾಟ ಇದ್ದ ಸ್ಥಿತಿಯಲ್ಲಿ ಎರಡನೇ ಬಯಾಪ್ಸಿ ಆಗುವಂತಿರಲಿಲ್ಲ, ಬ್ಲಾಕಿನಲ್ಲಿ ಟಿಶ್ಯೂ ಮುಗಿದಿತ್ತು. ಇದ್ದದ್ದೆಲ್ಲ ಒಂದು ಟ್ಯೂಬಿನಲ್ಲಿ, ಟಿಶ್ಯೂ ಕರಗಿಸುವ ಕಿಣ್ವ ಪ್ರೋಟಿನೇಸ್-ಕೆ ಜೊತೆ, 56 ಡಿಗ್ರಿಯಲ್ಲಿ. ನಡುರಾತ್ರಿ ಕರೆಂಟು ಹೋಯಿತು. ಟ್ಯೂಬನ್ನು ಬಿಸಿಯಾಗಿಡುವ ಹೀಟ್ ಬ್ಲಾಕ್ ಯಂತ್ರಕ್ಕೆ ಯುಪಿಎಸ್ ಇರಲಿಲ್ಲ. ಅಕ್ಕಾರು ಥರ್ಮಾಸಿಗೆ ಬಿಸಿನೀರು ಹಾಕಿ, ಥರ್ಮಾಮೀಟರ್ ಇಳಿಬಿಟ್ಟು, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿದ ಟ್ಯೂಬನ್ನು ಥರ್ಮಾಕೋಲ್ ತುಂಡಿಗೆ ಸಿಕ್ಕಿಸಿ ತೇಲಿಬಿಟ್ಟರು. 54ಕ್ಕೆ ಇಳಿದರೆ ಒಂದಿಷ್ಟು ಕಾದ ನೀರು, ಮತ್ತೆ 56. ಬೆಳಗಿನವರೆಗೂ ಹಾಗೇ ಕೂತರು. ದ್ರವ ತಿಳಿಯಾಗದೆ ಮುಂದಿನ ಹಂತಕ್ಕೆ, 90 ಡಿಗ್ರಿಗೆ, ಹಾಕಬಾರದು. ಅಲ್ಲಿ ಕಿಣ್ವ ಸಾಯುತ್ತದೆ, ಕರಗದ ಚೂರು ಡಿಎನ್‌ಎ ಸೋಸುವ ಕಾಲಮ್ಮಿನಲ್ಲಿ ಕಟ್ಟಿಕೊಳ್ಳುತ್ತದೆ. ಬೆಳಗ್ಗೆ ಟ್ಯೂಬನ್ನು ಕಿಟಕಿಗೆ ಹಿಡಿದು ನೋಡಿ, ಇನ್ನೂ ಎಳೆ ಕಂಡದ್ದರಿಂದ 10 ಮೈಕ್ರೋಲೀಟರ್ ಪ್ರೋಟಿನೇಸ್-ಕೆ ಮತ್ತೆ ಹಾಕಿ ಕಾದರು. ಗುಳಿಗೆಗೆ ಬಗ್ಗುವ ಇಜಿಎಫ್‌ಆರ್ ಮ್ಯುಟೇಶನ್, ಎಕ್ಸಾನ್ 19 ಡಿಲೀಶನ್, ಸಿಕ್ಕಿತು. ಗುಳಿಗೆ ಶುರುವಾಯಿತು.

ಎಲ್ಲರಿಗೂ ಹಾಗಾಗಲಿಲ್ಲ. ಕೆಲವು ಮನೆಗಳಿಗೆ ರಿಪೋರ್ಟ್ ಹೇಳಲು ಫೋನ್ ಮಾಡಿದಾಗ ದಿನಕರ್ಮ ಮುಗಿದಿತ್ತು. ಗುಳಿಗೆ ಕೆಲಸ ಮಾಡುವಂಥ ಮ್ಯುಟೇಶನ್ ಇತ್ತು, ನುಂಗುವವರೇ ಇರಲಿಲ್ಲ. ಆ ಸಂಕಟಕ್ಕೆ ಯಾವ ಕೋಷ್ಟಕದಲ್ಲೂ ಜಾಗವಿಲ್ಲ. ಅಂಥ ದಿನ ಅಕ್ಕಾರು ಏನೂ ಮಾತಾಡುತ್ತಿರಲಿಲ್ಲ, ಕತ್ತರಿಸುವ ಮುಂಚೆ ತಣಿಯಲೆಂದು ಮುಂದಿನ ಬ್ಲಾಕನ್ನು ಐಸ್ ಮೇಲೆ ಇಡುತ್ತಿದ್ದರು.

ಏನು ಕೊಡೋಣ ಅಂದರೆ ಸೀರೆ, ಶಾಲು ಬ್ಯಾಡಂದರು. ಬಯಾಪ್ಸಿ ಕಳಿಸುವ ಊರೂರಿನ ಆಸ್ಪತ್ರೆಗಳಿಗೆ ಅವರದೊಂದು ಬೇಡಿಕೆಯಿದೆ, ಇಲ್ಲಿ ಹಾಗೇ ಬರೆದಿದ್ದೇವೆ: ಸಲೈನಿನಲ್ಲಿ ಕಳಿಸಬೇಡಿ. ಬಫರ್ ಇರುವ 10% ಫಾರ್ಮಾಲಿನ್ ಬಳಸಿ, ಅದು ಟಿಶ್ಯೂವಿನ 10 ಪಟ್ಟಾದರೂ ಇರಲಿ. 6ರಿಂದ 48 ತಾಸಿನೊಳಗೆ ಪ್ರೊಸೆಸಿಂಗಿಗೆ ಬರುವಂತೆ ನೋಡಿಕೊಳ್ಳಿ. ಮೂಳೆಯ ತುಂಡಾದರೆ ಅದರ ಸುಣ್ಣದಂಶ ತೆಗೆದು ಮೆದು ಮಾಡಲು ಗಡುಸು ಆಮ್ಲ ಬೇಡ, ಸೌಮ್ಯವಾದ ಇಡಿಟಿಎ ದ್ರಾವಣ ಬಳಸಿ. ಡಬ್ಬಿಗೆ ಹಾಕಿದ ತಾರೀಖು, ವೇಳೆ ಎರಡನ್ನೂ ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಯಿರಿ.