ಗುರುವಾರದ ಮಾತುಕತೆ ಇನ್ನು ನೇರ ಪ್ರಸಾರವಲ್ಲ: ಚಂದಾದಾರರಿಗೂ ಪ್ರಾಯೋಜಕರಿಗೂ ಪತ್ರ

ಧಾರವಾಡ

ನಮ್ಮ ಸಹಕಾರಿಯ ಚಂದಾದಾರರಿಗೆ, ಪ್ರಾಯೋಜಕ ಅಂಗಡಿಯವರಿಗೆ ನಮಸ್ಕಾರ.

ಮುಂದಿನ ತಿಂಗಳ ಮೊದಲ ಗುರುವಾರದಿಂದ ಸಂಜೆ 6.30ರ ಕಲಾವಿದರ ಮಾತುಕತೆ ನೇರ ಪ್ರಸಾರವಾಗುವುದಿಲ್ಲ. ಮೊದಲೇ ರೆಕಾರ್ಡ್ ಮಾಡಿ, 28 ನಿಮಿಷಕ್ಕೆ ಇಳಿಸಿ ಸಮುದಾಯ ಬಾನುಲಿಗೆ ಕೊಡುತ್ತೇವೆ. ಗುರುವಾರ ಸಂಜೆಯ ಜೊತೆಗೆ ಭಾನುವಾರ ಬೆಳಿಗ್ಗೆ 7.30ರ ಹೊತ್ತೂ ಸಿಕ್ಕಿದೆ. ಚಂದಾ ಹೆಚ್ಚುವುದಿಲ್ಲ. ಒಂದು ತಾಸು ಇದ್ದದ್ದು ಅರ್ಧ ತಾಸು ಆಯ್ತಲ್ರೀ ಎಂದು ನೀವು ಕೇಳಿಯೇ ಕೇಳುತ್ತೀರಿ. ಅದಕ್ಕೇ ಈ ಪತ್ರ ತುಸು ಉದ್ದ.

ಮೊದಲ ಕಾರಣ ತಂಬೂರಿ. ಹೊರಗಿನ ಬಿಸಿಲಿನಿಂದ ಬಂದ ತಂಬೂರಿಯನ್ನು ಏಸಿ ಕೋಣೆಯಲ್ಲಿಟ್ಟರೆ ತಂತಿ ತಣಿದು ಕುಗ್ಗಿ ಶ್ರುತಿ ಏರುತ್ತದೆ. ತಬಲಾದ್ದು ಬೇರೆಯೇ ಗೋಳು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ಇಳಿದಿರುತ್ತದೆ, ಏಸಿಯ ಒಣಗಾಳಿಗೆ ಬಿಗಿದು ಮೇಲೇರುತ್ತದೆ. ಎರಡೂ ಒಂದೇ ವೇಗದಲ್ಲಿ ಏರುವುದಿಲ್ಲ. ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕರಿಮನೆಯ ಶ್ರುತಿಗೆ) ಕೂಡಿಸಿ ಪ್ರಸಾರದ ಕೆಂಪು ದೀಪ ಹಾಕಿದರೆ ಹತ್ತನೇ ನಿಮಿಷಕ್ಕೆ ತಬಲಾದವರು ಮತ್ತೆ ಸುತ್ತಿಗೆ ಹಿಡಿಯಬೇಕು. ವಾದ್ಯ ಕೋಣೆಗೆ ಒಗ್ಗಲು ನಾವು 40 ನಿಮಿಷ ಇಟ್ಟುಕೊಳ್ಳುತ್ತೇವೆ, ತಂತಿಯ ಝೇಂಕಾರ ತಿದ್ದುವ ಜವಾರಿಯ ದಾರ ಸರಿಸಿ ಕೂಡಿಸುವ ಹೊತ್ತು ಬೇರೆ. ನೇರ ಪ್ರಸಾರದಲ್ಲಿ ಈ 40 ನಿಮಿಷ ಎಲ್ಲಿಂದ ತರುವುದು? ಮಲ್ಲಿಕಾರ್ಜುನ ಮನಸೂರರು ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದ ಊರು ಇದು. 1950ರಿಂದ ರೇಡಿಯೋ ಕೇಳುತ್ತ ಬಂದ ಮನೆಗಳಲ್ಲಿ ಶ್ರುತಿ ಕೂದಲೆಳೆಯಷ್ಟು ಸರಿದರೂ ಗೊತ್ತಾಗುತ್ತದೆ.

ಎರಡನೆಯದು ರಾಗದ ಹೊತ್ತು. ಸಂಜೆ 6.30ಕ್ಕೆ ಕೂತು 'ತೋಡಿಯ ಗಾಂಧಾರ ಹೆಂಗ ಹಚ್ಚಬೇಕು, ತೋರಸ್ರಿ' ಎಂದರೆ, ಅದು ಬೆಳಗಿನ ರಾಗವಾದ್ದರಿಂದ, ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಹಾಗಾಗಿ ಮಾತೆಲ್ಲ ಮಾರವಾ, ಪೂರಿಯಾ, ಯಮನ್ ಎಂಬ ಸಂಜೆಯ ರಾಗಗಳ ಸುತ್ತಲೇ ತಿರುಗುತ್ತಿತ್ತು. ಇನ್ನು ಮುಂದೆ ಬೆಳಗಿನ ರಾಗದ ಮಾತುಕತೆಯನ್ನು ಬೆಳಿಗ್ಗೆಯೇ ರೆಕಾರ್ಡ್ ಮಾಡಿ ಭಾನುವಾರ ಬೆಳಿಗ್ಗೆಯೇ ಬಿಡುತ್ತೇವೆ. ಸಂಜೆಯದು ಗುರುವಾರಕ್ಕೆ. ಯಾವ ಕಂತು ಯಾವ ದಿನ ಎಂಬುದನ್ನು ರಾಗವೇ ನಿಶ್ಚಯಿಸುತ್ತದೆ. ಸಾಹಿತಿಗಳದ್ದೂ ರಂಗಕಲಾವಿದರದ್ದೂ ಎರಡೂ ದಿನ ಬರುತ್ತದೆ.

ರೆಕಾರ್ಡಿಂಗ್ ಅಂದರೆ ಬೇಕಾದಲ್ಲಿ ಕತ್ತರಿಸಬಹುದು ಎಂಬ ನಂಬಿಕೆ ಅರ್ಧ ಸತ್ಯ. ತಂಬೂರಿ ನುಡಿಯುತ್ತಿರುವಾಗ ಆಡಿದ ಮಾತಿಗೆ ಕತ್ತರಿ ಹಾಕಲು ಬರುವುದಿಲ್ಲ. ಪ-ಸ-ಸ-ಸ ಎಂದು ತಿರುಗುವ ಆವರ್ತ ನಡುವೆ ಮುರಿದು, ಪಂಚಮದ ನಂತರ ಮತ್ತೆ ಪಂಚಮವೇ ಬಂದು, ಎಡವಿದಂತೆ ಕೇಳುತ್ತದೆ. ಅದಕ್ಕೆ ಮಾತಿನ ಹೊತ್ತಿಗೆ ತಂಬೂರಿ ಕೆಳಗಿಡುವಂತೆ ವಿನಂತಿಸುತ್ತೇವೆ. ಹಾಡಿ ತೋರಿಸುವಾಗ ಮಾತ್ರ ಅದು ನುಡಿಯಲಿ. ಕೊನೆಗೆ ಎರಡು ನಿಮಿಷ ಬರೀ ತಂಬೂರಿ, ಒಂದು ನಿಮಿಷ ಬರೀ ಕೋಣೆಯ ಮೌನ ಹಿಡಿದುಕೊಳ್ಳುತ್ತೇವೆ. ಕತ್ತರಿಸಿದ ಜಾಗಕ್ಕೆ ಹಚ್ಚುವ ತೇಪೆ ಅದೇ. ಮೌನ ಒಂದೊಂದು ಕೋಣೆಯಲ್ಲಿ ಒಂದೊಂದು ಥರ ಇರುತ್ತದೆ. ಮಾಳಮಡ್ಡಿಯ ಮೌನವನ್ನು ಸಪ್ತಾಪುರದ ಮಾತಿಗೆ ಹಚ್ಚಿದರೆ ಅಂಟುವುದಿಲ್ಲ.

ಸ್ಟುಡಿಯೋಕ್ಕೆ ಬರಲಾಗದ ಹಿರಿಯರ ಮನೆಗೆ ನಾವೇ ಹೋಗುತ್ತೇವೆ. ಫ್ಯಾನು, ಫ್ರಿಜ್ಜು, ಗಡಿಯಾರ ಮೂರೂ ಬಂದ್. ಕರೆಂಟ್ ಹೋಗಿ ಅಗ್ಗದ ಇನ್ವರ್ಟರ್ ಶುರುವಾದರೆ ಅದರ ಗುಂಯ್ ತಂತಿಯ ಮೂಲಕ ಒಳಬರುತ್ತದೆ, ಆದ್ದರಿಂದ ಯಂತ್ರ ಪೂರ್ತಿ ಬ್ಯಾಟರಿಯ ಮೇಲೆಯೇ ನಡೆಯುತ್ತದೆ. ತಗಡಿನ ಮಾಡಿನ ಮನೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೋಗುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆ ನೋಡಲು ಚಂದ, ಅಷ್ಟೇ.

ಸಾಹಿತಿಗಳಲ್ಲಿ ನಮ್ಮ ಬಿನ್ನಹ ಸಣ್ಣದು. ಓದುವ ಹಾಳೆಗಳನ್ನು ಒಂದೇ ಮಗ್ಗುಲಲ್ಲಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತನ್ನಿ, ಪಿನ್ ಹೊಡೆಯಬೇಡಿ. ಮುಗಿದ ಹಾಳೆಯನ್ನು ತಿರುವದೆ ಪಕ್ಕಕ್ಕೆ ಸರಿಸಿದರೆ ಸಾಕು. ಮೈಕು ಬಾಯಿಂದ ಒಂದು ಗೇಣು ದೂರ, ಎದುರಿಗಲ್ಲ, ತುಸು ಓರೆಯಾಗಿ ಇರಬೇಕು. ಎದುರಿಗಿದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು 'ಧಪ್' ಎನ್ನುತ್ತದೆ, ಆ ಮೇಲೆ ಅದನ್ನು ತೆಗೆಯುವುದು ಕಷ್ಟ. ಬಳೆ, ಜೇಬಿನ ಕೀಲಿಗೊಂಚಲು ಹೊರಗೆ.

ಪಾರಿಜಾತ, ಸಣ್ಣಾಟದಂಥ ಬಯಲಾಟದವರದು ತದ್ವಿರುದ್ಧ. ಬಯಲಿನಲ್ಲಿ ಮೈಕಿಲ್ಲದೆ ಊರಿಗೆಲ್ಲ ಕೇಳುವಂತೆ ಹಾಡಿದ ಕಂಠ ಅದು. ಮೆತ್ತಗೆ ಮಾತಾಡುತ್ತ ಆಡುತ್ತ ಒಮ್ಮೆಲೇ ಪದ ಎತ್ತಿದರೆ ಮೀಟರ್ ಕೆಂಪಿಗೆ ಹೋಗಿ ದನಿ ಒಡೆಯುತ್ತದೆ. ಒಡೆದ ದನಿಯನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಕೂಡಿಸಿ ಕೊಡುವುದಿಲ್ಲ. ಆದ್ದರಿಂದ ಮೊದಲು ಅತಿ ಜೋರಿನ ಸಾಲನ್ನೇ ಹಾಡಿಸಿ ಮೈನಸ್ 12 ಡೆಸಿಬಲ್‌ಗೆ, ಅಂದರೆ ದನಿ ಒಡೆಯುವ ಮಟ್ಟಕ್ಕಿಂತ 12 ಡೆಸಿಬಲ್ ಕೆಳಗೆ, ಮಟ್ಟ ಹಚ್ಚುತ್ತೇವೆ. ಅಷ್ಟಾಗಿಯೂ ಒಡೆದರೆ ಇರಲಿ ಎಂದು ಜೊತೆಗೆ ಇನ್ನೊಂದು ಟ್ರ್ಯಾಕ್ 10 ಡೆಸಿಬಲ್ ತಗ್ಗಿನಲ್ಲಿ ಓಡುತ್ತಿರುತ್ತದೆ. ಗೆಜ್ಜೆ ಕಟ್ಟಿ ತೋರಿಸುವುದಿದ್ದರೆ ಮೈಕಿನ ಸ್ಟ್ಯಾಂಡ್ ಕೆಳಗೆ ನವಲಗುಂದದ ಜಮಖಾನೆ ಎರಡು ಮಡಿಕೆ. ನೆಲದ ಅದುರು ಸ್ಟ್ಯಾಂಡ್ ಹತ್ತಿ ಮೇಲೆ ಬರದಂತೆ ತಡೆಯಲು ಇದಕ್ಕಿಂತ ಒಳ್ಳೆಯ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲ.

ನೇರ ಪ್ರಸಾರ ನಿಂತರೆ ಕೇಳುಗರ ಫೋನ್ ಕರೆಯೂ ನಿಲ್ಲುತ್ತದೆ. ಇದು ನಷ್ಟವೇ, ಮುಚ್ಚಿಡುವುದಿಲ್ಲ. ಆದರೆ ಕರೆ ಮಾಡಿದವರ ಪಕ್ಕದಲ್ಲೇ ರೇಡಿಯೋ ಇರುತ್ತದೆ. ಅದರ ಸದ್ದು ಫೋನಿಗೆ ಹೊಕ್ಕು, ಫೋನಿನಿಂದ ಪ್ರಸಾರಕ್ಕೆ, ಅಲ್ಲಿಂದ ಮತ್ತೆ ರೇಡಿಯೋಕ್ಕೆ ಸುತ್ತಿ ಕಿರುಚುತ್ತದೆ. 'ರೇಡಿಯೋ ಸಣ್ಣ ಮಾಡ್ರಿ' ಎನ್ನುವುದರಲ್ಲೇ ಪ್ರಶ್ನೆಯ ಹೊತ್ತು ಮುಗಿಯುತ್ತಿತ್ತು. ಮೇಲಾಗಿ ಮಾಮೂಲಿ ಫೋನ್ ಲೈನು 300ರಿಂದ 3400 ಹರ್ಟ್ಸ್ ಒಳಗಿನ ದನಿಯನ್ನಷ್ಟೇ ಸಾಗಿಸುತ್ತದೆ. ಸಕಾರದ ಸೀಟಿಯೆಲ್ಲ ಹೆಚ್ಚಾಗಿ ಅದರ ಮೇಲಿರುವುದರಿಂದ ರಾಗದ ಹೆಸರು, ಊರಿನ ಹೆಸರು ಮಸುಕಾಗುತ್ತವೆ. ಬದಲಿಗೆ ವಾಟ್ಸಾಪ್‌ನಲ್ಲಿ 30 ಸೆಕೆಂಡಿನ ದನಿ ಕಳಿಸಿ. ಫ್ಯಾನ್ ಬಂದ್ ಮಾಡಿ, ಫೋನ್ ಒಂದು ಗೇಣು ದೂರ ಹಿಡಿದು, ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ತಡೆದು ಮಾತು ಶುರು ಮಾಡಿ. ಇಲ್ಲವಾದರೆ ಮೊದಲ ಅಕ್ಷರ ಹಾರಿಹೋಗುತ್ತದೆ. ಮೂರು ವಾರ ಮುಂದಿನ ಅತಿಥಿಯ ಹೆಸರನ್ನು ಪ್ರತಿ ಕಂತಿನ ಕೊನೆಗೆ ಹೇಳುತ್ತೇವೆ. ಅಂದಿನಿಂದ ಎಂಟು ದಿನದೊಳಗೆ ಬಂದ ಪ್ರಶ್ನೆಗಳನ್ನು ಅತಿಥಿಗೆ ನಿಮ್ಮ ದನಿಯಲ್ಲೇ ಕೇಳಿಸುತ್ತೇವೆ.

ಎಡಿಟಿಂಗ್‌ನಲ್ಲಿ ಕೆಮ್ಮು, ಒಂದೇ ಮಾತು ಎರಡು ಸಲ ಬಂದದ್ದು, ನಮ್ಮ ಸಂದರ್ಶಕರ 'ಹೂಂ ಹೂಂ' ಹೋಗುತ್ತವೆ. ಪ್ರಶ್ನೆ-ಉತ್ತರದ ಕ್ರಮ ಬದಲಿಸುವುದಿಲ್ಲ, ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಹಚ್ಚುವುದಿಲ್ಲ. ಉತ್ತರಕ್ಕೆ ಮೊದಲು ಕಲಾವಿದರು ಸುಮ್ಮನೆ ಕೂತ ಎರಡು ಸೆಕೆಂಡನ್ನೂ ಹಾಗೇ ಉಳಿಸುತ್ತೇವೆ. ಅದೂ ಉತ್ತರದ ಭಾಗವೇ. ಇಸವಿ, ಗುರುಗಳ ಹೆಸರು ತಪ್ಪಿದ್ದರೆ ತಿದ್ದಲು ಅತಿಥಿಗೆ ಮೂರು ದಿನ. ಮಾತನ್ನೇ ಬದಲಿಸಿ ಹೇಳುತ್ತೇನೆ ಎಂದರೆ ಒಪ್ಪುವುದಿಲ್ಲ.

ಹಳೆಯ ಧ್ವನಿಮುದ್ರಿಕೆ ಕೇಳಿಸಿ ಎಂಬ ಬೇಡಿಕೆ ಆಗಾಗ ಬರುತ್ತದೆ. 30 ಸೆಕೆಂಡ್ ತನಕ ಹಾಕಬಹುದಂತೆ ಎಂಬ ಮಾತಿಗೆ ನಮ್ಮ ಕಾಯಿದೆಯಲ್ಲಿ ಆಧಾರವಿಲ್ಲ. ಧ್ವನಿಮುದ್ರಿಕೆಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ, ಸಾಹಿತಿಯ ಬರಹಕ್ಕೆ ಅವರು ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿದ್ದು 1981ರಲ್ಲಿ, ಅಂದರೆ ಅವರ ಕವಿತೆಗೆ 2041ರ ಕೊನೆಯ ತನಕ ಅನುಮತಿ ಬೇಕು. ಬಸವಣ್ಣನವರ ವಚನ ಯಾರ ಸ್ವತ್ತೂ ಅಲ್ಲ, ಅದನ್ನು ಹಾಡಿದ ರೆಕಾರ್ಡ್ ಮಾತ್ರ ಬೇರೆಯವರದ್ದು ಆಗಿರಬಹುದು. ಅಂಥ ವಚನವನ್ನು ಅತಿಥಿ ಕೂತಲ್ಲೇ ತಮ್ಮದೇ ಧಾಟಿಯಲ್ಲಿ ಹಾಡಿದರೆ ಅವರ ಸಹಿ ಸಾಕು. ಆದ್ದರಿಂದ ರೆಕಾರ್ಡಿಗಿಂತ ಎದುರಿಗಿರುವ ಕಂಠವೇ ನಮಗೆ ಹೆಚ್ಚು.

ಪ್ರಾಯೋಜಕರಿಗೆ: 28 ನಿಮಿಷದಲ್ಲಿ ಎರಡೇ ಸಂದೇಶ, ತಲಾ 20 ಸೆಕೆಂಡ್. ಅಷ್ಟರಲ್ಲಿ 35 ಪದ ಹಿಡಿಸುತ್ತವೆ. ಫೋನ್ ನಂಬರ್ ಹಾಕಬೇಡಿ, ಹತ್ತು ಅಂಕೆ ಹೇಳಲು ಆರೇಳು ಸೆಕೆಂಡ್ ಹೋಗುತ್ತದೆ, ಯಾರೂ ಬರೆದುಕೊಳ್ಳುವುದಿಲ್ಲ. ಅಂಗಡಿ ಯಾವುದರ ಎದುರಿಗಿದೆ ಎಂದು ಹೇಳಿ. ವಾದ್ಯ, ಹಾಡು ಇರುವ ಜಾಹೀರಾತು ಇನ್ನು ತೆಗೆದುಕೊಳ್ಳುವುದಿಲ್ಲ. ಆಲಾಪ ಮುಗಿದ ಬೆನ್ನಿಗೆ ಬೇರೆ ಶ್ರುತಿಯ ಜಿಂಗಲ್ ಬಿದ್ದರೆ ಕೇಳುಗರು ಬೈಯುವುದು ನಿಮ್ಮ ಅಂಗಡಿಗೇ. ಬರೀ ಮಾತು, ಅದರ ಎರಡೂ ಕಡೆ ಎರಡೆರಡು ಸೆಕೆಂಡ್ ಮೌನ. ಈಗಾಗಲೇ ಜಿಂಗಲ್ ಕೊಟ್ಟವರ ಸಂದೇಶವನ್ನು ಖರ್ಚಿಲ್ಲದೆ ಮತ್ತೆ ರೆಕಾರ್ಡ್ ಮಾಡಿಕೊಡುತ್ತೇವೆ.

ಚಂದಾದಾರರಿಗೆ ಅರ್ಧ ತಾಸಿನ ಲೆಕ್ಕ ಹೀಗಿದೆ. ಪ್ರಸಾರವಾದದ್ದು 28 ನಿಮಿಷವಾದರೂ ಮಾತು ನಡೆದದ್ದು 70ರಿಂದ 90 ನಿಮಿಷ ಇರುತ್ತದೆ. ಆ ಪೂರ್ತಿ ಮಾತುಕತೆ ಪ್ರಸಾರದ ಮರುದಿನ ನಿಮಗೆ ಎಂಪಿ3 ಕಡತವಾಗಿ ಬರುತ್ತದೆ, 90 ನಿಮಿಷಕ್ಕೆ ಸುಮಾರು 86 ಎಂಬಿ. ಅದನ್ನು ಸ್ಟೇಟಸ್‌ಗೆ, ಯೂಟ್ಯೂಬಿಗೆ ಹಾಕಬೇಡಿ; ಹಾಡಿದವರ ಹಕ್ಕು 50 ವರ್ಷ ಅವರದ್ದೇ. ಪೆನ್‌ಡ್ರೈವ್‌ನಲ್ಲಿ ಬೇಕಾದವರು ಕಚೇರಿಗೆ ಖಾಲಿ ಪೆನ್‌ಡ್ರೈವ್ ತನ್ನಿ, ಶನಿವಾರ ಮಧ್ಯಾಹ್ನ 4ರಿಂದ 6ರೊಳಗೆ ತುಂಬಿಕೊಡುತ್ತೇವೆ. ಈ ಬದಲಾವಣೆ ಒಪ್ಪದವರು ತಿಂಗಳ ಕೊನೆಯೊಳಗೆ ತಿಳಿಸಿದರೆ ಉಳಿದ ತಿಂಗಳುಗಳ ಚಂದಾ ವಾಪಸು.

ತಮ್ಮ ವಿಶ್ವಾಸಿಗಳು,
ಕಾರ್ಯಕ್ರಮ ಮತ್ತು ಧ್ವನಿಮುದ್ರಣ ವಿಭಾಗ