ಟಿಬಿ ಕೋರ್ಸ್ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಆರು ತಿಂಗಳ ಮಾತ್ರೆ ಮುಗಿಯಿತು. ಟಿಬಿಯಿಂದ ಊದಿದ್ದ ಕತ್ತಿನ ಗ್ರಂಥಿಯ ಗಂಟು ಕರಗಿದೆ, ಸಂಜೆ ಜ್ವರ ಇಲ್ಲ, ಪ್ಯಾಂಟ್ ಮತ್ತೆ ಸೊಂಟದಲ್ಲಿ ನಿಲ್ಲುತ್ತಿದೆ. ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೀಲುನೋವಿನ ಡಾಕ್ಟರಿಗೆ. ಬೆನ್ನಿನ ಸಂಧಿವಾತಕ್ಕೆ ನಾನು ಅಡಾಲಿಮುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದದ್ದು ನಿಮಗೆ ಗೊತ್ತು. ಜ್ವರ ಬಿಡುತ್ತಿಲ್ಲ ಅಂದ ಕೂಡಲೇ ಅವರು ಅದನ್ನು ನಿಲ್ಲಿಸಿ ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಗೆ ಕಳಿಸಿದರು. ಮುಂಚೆ ಟಿಬಿ ರಕ್ತಪರೀಕ್ಷೆ ನೆಗೆಟಿವ್ ಬಂದಿತ್ತಲ್ವಾ ಅಂತ ವಾದ ಮಾಡಿದೆ. ಆ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲವಂತೆ. ಅದರ ಪ್ರೋಟೀನ್ ತುಣುಕು ಕಂಡಾಗ ನಮ್ಮ ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಬಿಡುವ ಸಂಕೇತದ ಪ್ರೋಟೀನ್ ಆದ ಇಂಟರ್‌ಫೆರಾನ್ ಗಾಮಾವನ್ನು ಅಳೆಯುತ್ತದೆ. ಕೋಶಗಳು ಸರಿಯಾಗಿ ಸ್ಪಂದಿಸದಿದ್ದರೆ ನೆಗೆಟಿವ್ ಬರಬಹುದು, ಸೋಂಕು ಆಮೇಲೂ ತಗಲಬಹುದು.

ಪೆಥಾಲಜಿ ಡಾಕ್ಟರಿಗೆ ದೊಡ್ಡ ಥ್ಯಾಂಕ್ಸ್. ಸುಮ್ನೆ ರಿಪೋರ್ಟ್ ಕೊಟ್ಟು ಕಳಿಸಬಹುದಿತ್ತು. ಕೂರಿಸಿಕೊಂಡು ಸ್ಲೈಡ್ ತೋರಿಸಿದರು. ಬ್ಯಾಕ್ಟೀರಿಯಾ ನುಂಗಿದ ಮ್ಯಾಕ್ರೋಫೇಜ್ ಅನ್ನುವ ರಕ್ಷಕ ಕೋಶಗಳು ನಡುವೆ, ಸುತ್ತ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು, ಕೋಟೆ ಕಟ್ಟಿದ ಹಾಗೆ. ಅದೇ ಗ್ರಾನುಲೋಮಾ. ಅದು ಒಡೆಯದಂತೆ ನಿಲ್ಲಲು ಟಿಎನ್‌ಎಫ್ ಅನ್ನುವ ಪ್ರೋಟೀನ್ ಬೇಕು. ನನ್ನ ಬೆನ್ನನ್ನು ಉರಿಸುತ್ತಿದ್ದದ್ದೂ ಅದೇ! ಇಂಜೆಕ್ಷನ್ ಅದನ್ನು ತಡೆಯುತ್ತದೆ. ಬೆನ್ನಿನಲ್ಲಿ ಮಾತ್ರ ತಡೆ, ಕತ್ತಿನಲ್ಲಿ ಬಿಡು ಅಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಇದೇ ಗುಂಪಿನ ಇನ್‌ಫ್ಲಿಕ್ಸಿಮಾಬ್ ತೆಗೆದುಕೊಂಡ 70 ಮಂದಿಗೆ ಟಿಬಿ ಬಂದದ್ದು 2001ರಲ್ಲೇ ವರದಿಯಾಗಿದೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಶ್ವಾಸಕೋಶದ ಹೊರಗೂ ಟಿಬಿ ಇತ್ತು. ಹಾಗಂತ ಇಂಜೆಕ್ಷನ್ ಮೇಲೆ ನನಗೆ ಕೋಪ ಇಲ್ಲ. ಅದು ಬಂದ ಮೇಲೇ ನಾನು ಬೆಳಿಗ್ಗೆ ನೆಟ್ಟಗೆ ಏಳತೊಡಗಿದ್ದು.

ಮಾತ್ರೆ ಶುರುವಾದ ಮೇಲೆ ಗಂಟು ಇನ್ನಷ್ಟು ಊದಿತು. ಔಷಧಿ ಕೆಲಸ ಮಾಡುತ್ತಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ಟಿಬಿ ಕೇಂದ್ರದ ಅಕ್ಕ ಬಿಡಲಿಲ್ಲ. ಆ ದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಇಂಜೆಕ್ಷನ್ ನಿಂತಿದೆ, ಟಿಎನ್‌ಎಫ್ ಮತ್ತೆ ಕೆಲಸಕ್ಕೆ ಇಳಿದಿದೆ, ಸತ್ತ ಬ್ಯಾಕ್ಟೀರಿಯಾ ಕಂಡರೂ ಊತ ಬರಬಹುದು ಅಂದರು ಡಾಕ್ಟರ್. ಪರೀಕ್ಷೆಯಲ್ಲೂ ಹಾಗೇ ಬಂತು. ಅಕ್ಕ, ನೀವು ಇಲ್ಲದಿದ್ದರೆ ನಾನು ಮಾತ್ರೆ ಬಿಟ್ಟೇಬಿಡುತ್ತಿದ್ದೆ.

ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬಂತು. ಅಷ್ಟೂ ಮೊಟ್ಟೆಗೇ ಹೋಯಿತು, ಲೆಕ್ಕ ಅಮ್ಮನ ಹತ್ತಿರ ಇದೆ. ಕೆಂಪು ಮೂತ್ರ ಕಂಡು ಗಾಬರಿಯಾದಾಗ ‘ರಿಫಾಂಪಿಸಿನ್ ಕಣೋ, ಆ ಟಿಬಿ ಮಾತ್ರೆಯ ಬಣ್ಣ’ ಅಂತ ನಕ್ಕ ಮೆಡಿಕಲ್ ಶಾಪ್ ಗೆಳೆಯನಿಗೂ ಥ್ಯಾಂಕ್ಸ್. ಆಫೀಸಿನಲ್ಲಿ ತಟ್ಟೆ ದೂರ ಸರಿಸದೆ ಪಕ್ಕದಲ್ಲೇ ಕೂತು ಊಟ ಮಾಡಿದವರಿಗೂ. ಶ್ವಾಸಕೋಶ ಚೆನ್ನಾಗಿದ್ದು ಗ್ರಂಥಿಯಲ್ಲಷ್ಟೇ ಟಿಬಿ ಇದ್ದರೆ ಹರಡುವುದಿಲ್ಲ ಅಂತ ನಾನು ಹೇಳುವ ಮೊದಲೇ ಕೂತಿದ್ದಿರಿ.

ಬೆನ್ನುನೋವು ಮತ್ತೆ ಶುರುವಾಗಿದೆ. ಮುಂದೆ ಯಾವ ಔಷಧಿ ಅಂತ ಕೀಲುನೋವಿನ ಡಾಕ್ಟರ್, ಟಿಬಿ ಡಾಕ್ಟರ್ ಇಬ್ಬರೂ ಕೂತು ಮಾತಾಡುತ್ತಿದ್ದಾರೆ. ಇಂಥ ಇಂಜೆಕ್ಷನ್ ತೆಗೆದುಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಜ್ವರ ವಾರ ದಾಟಲು ಬಿಡಬೇಡಿ, ಫೋನ್ ಮಾಡಿ ಡಾಕ್ಟರಿಗೆ ಹೇಳಿ.