ಸೇಬಿನ ಸಸಿ ಕೊಳ್ಳುವ ಮುನ್ನ ಗುಲಾಬಿಯನ್ನೊಮ್ಮೆ ನೋಡಿ

ಮಾನ್ಯ ಸಂಪಾದಕರೇ,

ಮನೆಯಂಗಳದಲ್ಲಿ ಸೇಬು ಬೆಳೆದವರ ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಇತ್ತೀಚೆಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಅದು ಪ್ರಕಟವಾದ ವಾರದಲ್ಲೇ ನಮ್ಮ ಬೀದಿಯ ಮೂರು ಮನೆಯವರು ಸೇಬಿನ ಸಸಿ ಎಲ್ಲಿ ಸಿಗುತ್ತದೆಂದು ನನ್ನನ್ನು ವಿಚಾರಿಸಿದರು. ನಮ್ಮ ಮನೆಯ ಮುಂದೆ ಸೇಬಿನ ಗಿಡವೂ ಗುಲಾಬಿಯೂ ಅಕ್ಕಪಕ್ಕದಲ್ಲೇ ಬೆಳೆಯುತ್ತಿರುವುದರಿಂದ ಅವರು ನನ್ನನ್ನು ಕೇಳಿದ್ದು ಸಹಜ. ಅವರಿಗೆ ಹೇಳಿದ ಮಾತುಗಳು ಉಳಿದ ಓದುಗರಿಗೂ ಉಪಯೋಗಕ್ಕೆ ಬರಬಹುದೆಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ 30×40 ಅಡಿಯ ನಿವೇಶನ. ಮನೆ ಕಟ್ಟಿದ ಮೇಲೆ ಮಣ್ಣು ಕಾಣುವಂತೆ ಉಳಿದಿರುವುದು ಗೇಟಿನ ಪಕ್ಕದ ಮೂರಡಿ ಅಗಲದ ಒಂದು ಪಟ್ಟಿ ಮಾತ್ರ. ಆರು ವರ್ಷಗಳ ಹಿಂದೆ ಒಂದು ನರ್ಸರಿಯಿಂದ ಒಂದೇ ದಿನ ಒಂದು ಗುಲಾಬಿ ಗಿಡವನ್ನೂ ಒಂದು ಸೇಬಿನ ಸಸಿಯನ್ನೂ ತಂದು ನೆಟ್ಟೆವು. ಸೇಬಿನ ಸಸಿಗೆ ಕಟ್ಟಿದ್ದ ಚೀಟಿಯಲ್ಲಿ ‘ಆಪಲ್’ ಎಂಬ ಒಂದು ಪದದ ಹೊರತು ಬೇರೇನೂ ಇರಲಿಲ್ಲ. ಗುಲಾಬಿ ಎರಡು ತಿಂಗಳೊಳಗೆ ಮೊದಲ ಹೂ ಕೊಟ್ಟಿತು. ಸೇಬಿನ ಗಿಡ ಮೂರು ವರ್ಷ ಬರೀ ಎಲೆಯಾಗಿ ಬೆಳೆದು, ನಾಲ್ಕನೆಯ ವರ್ಷದ ಫೆಬ್ರುವರಿಯಲ್ಲಿ ಕೊಂಬೆಯ ತುದಿಗಳಲ್ಲಿ ಒಂಬತ್ತು ಹೂ ಬಿಟ್ಟಿತು. ಮನೆಮಂದಿಯೆಲ್ಲ ದಿನವೂ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದೆವು. ಒಂದು ವಾರದಲ್ಲಿ ಒಂಬತ್ತೂ ಉದುರಿದವು, ಒಂದು ಹೀಚೂ ನಿಲ್ಲಲಿಲ್ಲ.

ಹೀಗೇಕಾಯಿತೆಂದು ತಿಳಿಯಲು ಹೊರಟಾಗ ನನಗೆ ಅತ್ಯಂತ ಅಚ್ಚರಿ ತಂದ ಸಂಗತಿಯೆಂದರೆ, ಗುಲಾಬಿಯೂ ಸೇಬೂ ‘ರೋಸೇಸಿ’ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು ಎಂಬುದು. ಕಾಡುಗುಲಾಬಿಯ ಐದೆಸಳಿನ ಹೂವನ್ನೂ ಸೇಬಿನ ಹೂವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ನಂಟು ಕಣ್ಣಿಗೇ ಕಾಣುತ್ತದೆ. ಗುಲಾಬಿಯ ಎಸಳು ಉದುರಿದ ಮೇಲೆ ತೊಟ್ಟಿನ ತುದಿಯಲ್ಲಿ ನಿಲ್ಲುವ ಪುಟ್ಟ ಕೆಂಪು ಕಾಯಿ ಥೇಟ್ ಒಂದು ಚಿಕ್ಕ ಸೇಬಿನಂತೆಯೇ ಇರುತ್ತದೆ. ಆದರೆ ಈ ಎರಡು ಗಿಡಗಳು ನಮ್ಮಿಂದ ಬೇಡುವ ಆರೈಕೆಯಲ್ಲಿ ಅಜಗಜಾಂತರವಿದೆ.

ಸೇಬು ಚಳಿನಾಡಿನ ಮರ. ಚಳಿಗಾಲದಲ್ಲಿ ಎಲೆ ಉದುರಿಸಿ ಸುಪ್ತಾವಸ್ಥೆಗೆ ಜಾರುವ ಈ ಮರದ ಮೊಗ್ಗುಗಳು ಮತ್ತೆ ಸರಿಯಾಗಿ ಒಡೆಯಬೇಕಾದರೆ, ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಇಂತಿಷ್ಟು ಗಂಟೆಗಳನ್ನು ಕಳೆದಿರಬೇಕು. ಕಾಶ್ಮೀರ ಮತ್ತು ಹಿಮಾಚಲದ ಹಳೆಯ ತಳಿಗಳಿಗೆ ಇಂತಹ ಸಾವಿರದಷ್ಟು ಗಂಟೆಗಳ ಚಳಿ ಬೇಕು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಆ ಲೆಕ್ಕದ ಚಳಿಯ ಒಂದು ಗಂಟೆಯೂ ನಮ್ಮ ಊರಿನ ಗಿಡಕ್ಕೆ ದಕ್ಕುವುದಿಲ್ಲ. ಚಳಿ ಸಾಲದ ಮರದಲ್ಲಿ ತುದಿಯ ಮೊಗ್ಗುಗಳು ಮಾತ್ರ ತಡವಾಗಿ ಒಡೆದು ಕೊಂಬೆಯ ಉಳಿದ ಭಾಗ ಬೋಳಾಗಿ ನಿಲ್ಲುತ್ತದೆ. ನಮ್ಮ ಗಿಡಕ್ಕೆ ಆಗಿದ್ದೂ ಇದೇ.

ಕಡಿಮೆ ಚಳಿಯಲ್ಲೂ ಫಲ ಕೊಡುವ ತಳಿಗಳಿವೆ ಎಂಬುದು ನಿಜ. ಇಸ್ರೇಲಿನಲ್ಲಿ ರೂಪುಗೊಂಡ ಅನ್ನಾ, ಬಹಾಮಾಸ್ ದ್ವೀಪದಲ್ಲಿ ದೊರೆತ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಬೆಟ್ಟದ ತಪ್ಪಲಿನ ಬಿಸಿಲ ನೆಲದಲ್ಲಿ ಬೆಳೆಸಿದ ಎಚ್‌ಆರ್‌ಎಂಎನ್-99, ಈ ಮೂರೂ ಈಗ ನಮ್ಮಲ್ಲಿ ಸಿಗುತ್ತವೆ. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು, ಅದು ಅವರ ಪರಿಶ್ರಮಕ್ಕೆ ತಕ್ಕ ಗೌರವ. ಆದರೆ ತಳಿ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ ಬಾತು ಎಂಬ ಊರು ಹೆಚ್ಚು ಕಡಿಮೆ ಬೆಂಗಳೂರಿನ ಎತ್ತರದಲ್ಲೇ ಇದೆ. ಚಳಿಗಾಲವೇ ಇಲ್ಲದ ಆ ಊರಿನ ಬೆಳೆಗಾರರು ಕೊಯ್ಲಾದ ಕೆಲವು ವಾರಗಳಿಗೆ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಹೊಸ ಮೊಗ್ಗು ಒಡೆಯುವಂತೆ ಮಾಡಿ, ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅವರು ಬೆಳೆಯುವ ತಳಿಗಳಲ್ಲಿ ರೋಮ್ ಬ್ಯೂಟಿಯೂ ಒಂದು. ಕಳೆದ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಸುತ್ತಮುತ್ತಲ ತೋಟಗಳಲ್ಲಿ ಬೆಳೆಯುತ್ತಿದ್ದುದೂ ಇದೇ ತಳಿ. ನಮ್ಮ ಊರಿಗೆ ಸೇಬು ಹೊಸದಲ್ಲ ಎಂದು ಹಿರಿಯರು ಹೇಳುವ ಮಾತಿನಲ್ಲಿ ಹುರುಳಿದೆ. ಆದರೆ ಅದು ತೋಟಗಾರರು ಕೈಹಿಡಿದು ಬೆಳೆಸಿದ ಬೆಳೆಯಾಗಿತ್ತು, ನೆಟ್ಟು ಮರೆತ ಮರವಲ್ಲ.

ತೋಟಗಾರಿಕೆ ಬಲ್ಲ ಸ್ನೇಹಿತರೊಬ್ಬರ ಸಲಹೆಯಂತೆ ನಾನೂ ಡಿಸೆಂಬರ್ ಕೊನೆಯಲ್ಲಿ ಮೂರು ವಾರ ನೀರು ಕಡಿಮೆ ಮಾಡಿ, ಬಳಿಕ ಎಲೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿದೆ. ಆ ಸಲ ಕೊಂಬೆಯುದ್ದಕ್ಕೂ ಹೂ ಬಂದಿತು. ಆದರೂ ಹೀಚು ನಿಲ್ಲಲಿಲ್ಲ, ಏಕೆಂದರೆ ಬಹುಪಾಲು ಸೇಬಿನ ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಇನ್ನೊಂದು ತಳಿಯ ಮರ ಹತ್ತಿರದಲ್ಲಿರಬೇಕು, ಪರಾಗ ಹೊರುವ ಜೇನುನೊಣಗಳೂ ಬರಬೇಕು. ನಮ್ಮದು ಅನ್ನಾ ಇರಬಹುದೆಂಬ ಊಹೆಯ ಮೇಲೆ ಡಾರ್ಸೆಟ್ ಗೋಲ್ಡನ್ ಒಂದನ್ನು ತಂದು ದೊಡ್ಡ ಡ್ರಮ್ಮಿನಲ್ಲಿ ನೆಟ್ಟೆ. ಕಳೆದ ವರ್ಷ ಎರಡೂ ಒಟ್ಟಿಗೆ ಅರಳಿ ಹದಿನಾಲ್ಕು ಹೀಚು ನಿಂತವು. ಅಳಿಲು, ಗಿಳಿಗಳ ಪಾಲು ಹೋಗಿ ಜೂನ್ ತಿಂಗಳಲ್ಲಿ ನಮ್ಮ ಕೈಗೆ ಬಂದದ್ದು ಏಳು ಹಣ್ಣು. ನಮ್ಮ ರಾತ್ರಿಗಳಲ್ಲಿ ಸಾಕಷ್ಟು ತಂಪಿಲ್ಲದ ಕಾರಣ ಅಂಗಡಿಯ ಹಣ್ಣಿನ ಕೆಂಪು ಅವಕ್ಕೆ ಬರಲಿಲ್ಲ. ರುಚಿ ಚೆನ್ನಾಗಿಯೇ ಇತ್ತು, ಮೊಮ್ಮಗಳ ಸಂತೋಷಕ್ಕಂತೂ ಪಾರವಿರಲಿಲ್ಲ. ಆದರೆ ಆರು ವರ್ಷ, ಎರಡು ಮರ, ಏಳು ಹಣ್ಣು ಎಂಬ ಲೆಕ್ಕವನ್ನು ಸಸಿ ಕೊಳ್ಳುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ಗುಲಾಬಿಯ ದಾರಿ ಇದಕ್ಕೆ ತದ್ವಿರುದ್ಧ. ಹೂವೇ ನಮಗೆ ಬೇಕಾದ ಫಲವಾದ್ದರಿಂದ ಪರಾಗಸ್ಪರ್ಶದ ಗೊಡವೆಯಿಲ್ಲ, ಜೊತೆಗೆ ಇನ್ನೊಂದು ಗಿಡ ಬೇಕಿಲ್ಲ. ಸೇಬಿನಲ್ಲಿ ಕಾಯಿ ನಿಲ್ಲಲೆಂದು ಹಂಬಲಿಸಿದರೆ, ಗುಲಾಬಿಯಲ್ಲಿ ಕಾಯಿ ಕಟ್ಟದಂತೆ ಬಾಡಿದ ಹೂವನ್ನು ಎರಡು ಎಲೆ ಸಹಿತ ಕತ್ತರಿಸಬೇಕು. ಕಾಯಿ ಬಲಿಯಲು ಬಿಟ್ಟರೆ ಗಿಡ ತನ್ನ ಶಕ್ತಿಯನ್ನು ಬೀಜಕ್ಕೆ ಹರಿಸಿ ಮುಂದಿನ ಹೂ ಕಡಿಮೆ ಮಾಡುತ್ತದೆ. ಹನ್ನೆರಡು ಅಂಗುಲದ ಕುಂಡ, ದಿನಕ್ಕೆ ಐದಾರು ಗಂಟೆ ಬಿಸಿಲು, ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ನೀರು ನಿಲ್ಲದಂತೆ ತಳದಲ್ಲಿ ತೂತು, ಇಷ್ಟಿದ್ದರೆ ಗಿಡ ನೆಲೆಯೂರುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಒಣಗಿದ ಮತ್ತು ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ಸವರಿದರೆ ಒಂದೂವರೆ ಎರಡು ತಿಂಗಳಲ್ಲಿ ಹೊಸ ಚಿಗುರಿನ ತುದಿಯಲ್ಲಿ ಹೂ ಬರುತ್ತದೆ. ಕಸಿ ಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಮಾತ್ರ ಕಂಡ ಕೂಡಲೇ ಬುಡಕ್ಕೆ ಕೀಳಬೇಕು. ಅದು ಬೇರುಸಸ್ಯದ್ದಾಗಿದ್ದು, ಅಂದರೆ ಒಳ್ಳೆಯ ತಳಿಯನ್ನು ಕಸಿ ಕಟ್ಟಿರುವ ಕೆಳಗಿನ ಬೇರಿನ ಗಿಡದ್ದಾಗಿದ್ದು, ಬಿಟ್ಟರೆ ಕೆಲವೇ ತಿಂಗಳಲ್ಲಿ ಮೇಲಿನ ಒಳ್ಳೆಯ ತಳಿಯನ್ನು ನುಂಗಿಬಿಡುತ್ತದೆ. ನಮ್ಮ ಗುಲಾಬಿ ಈಗ ಕಾಡುಗುಲಾಬಿಯಾಗಿದೆ ಎಂದು ಹಲವರು ದೂರುವುದು ಈ ಚಿಗುರಿನಿಂದಲೇ.

ಗುಲಾಬಿಗೆ ತೊಂದರೆಗಳೇ ಇಲ್ಲವೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಎಲೆಗಳಿಗೆ ಕಪ್ಪು ಚುಕ್ಕೆ ರೋಗ, ಚಳಿಗಾಲದಲ್ಲಿ ಬೂದಿ ರೋಗ, ಬೇಸಿಗೆಯಲ್ಲಿ ಥ್ರಿಪ್ಸ್ ನುಸಿ ತಪ್ಪಿದ್ದಲ್ಲ. ವಾರಕ್ಕೊಮ್ಮೆ ಎಲೆಯ ಅಡಿ ನೋಡುವ ವ್ಯವಧಾನ ಇಲ್ಲದವರಿಗೆ ದಾಸವಾಳವೇ ಮೇಲು. ಆದರೆ ಗುಲಾಬಿಯಲ್ಲಿ ಆದ ತಪ್ಪು ಒಂದೆರಡು ತಿಂಗಳಲ್ಲಿ ಗೊತ್ತಾಗುತ್ತದೆ, ಮುಂದಿನ ಚಿಗುರಿನಲ್ಲಿ ತಿದ್ದಿಕೊಳ್ಳಬಹುದು. ಸೇಬಿನ ತಪ್ಪು ತಿಳಿಯುವ ಹೊತ್ತಿಗೆ ಮೂರು ನಾಲ್ಕು ವರ್ಷ ಕಳೆದಿರುತ್ತದೆ.

ನೀರಿನ ಮಾತನ್ನೂ ಇಲ್ಲಿ ಎತ್ತಲೇಬೇಕು. 2024ರ ಬೇಸಿಗೆಯಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದನ್ನು ಬೆಂಗಳೂರಿನವರು ಮರೆತಿರಲಾರರು. ಆ ದಿನಗಳಲ್ಲಿ ಕುಂಡದ ಗುಲಾಬಿಗಳನ್ನು ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ಉಳಿಸಿಕೊಂಡೆವು. ಹೀಚು ಹೊತ್ತ ಸೇಬಿನ ಮರಕ್ಕೆ ಹೆಚ್ಚು ನೀರು ಬೇಕಾಗುವುದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ, ನಮ್ಮ ನಲ್ಲಿಗಳು ಒಣಗುವುದೂ ಆಗಲೇ.

ಆದ್ದರಿಂದ ಬಿಸಿಲು ಬೀಳುವ ಜಾಗ ಒಂದೇ ಇದ್ದು ಅಲ್ಲಿ ಏನು ನೆಡಲೆಂದು ಕೇಳುವವರಿಗೆ ನನ್ನ ಉತ್ತರ ಗುಲಾಬಿ. ಹತ್ತು ಹನ್ನೆರಡು ಅಡಿ ಅಂತರದಲ್ಲಿ ಎರಡು ಮರಗಳಿಗೆ ನೆಲವಿರುವವರು, ಎಲೆ ಬಿಡಿಸುವ ಕೆಲಸಕ್ಕೆ ಬೇಸರಿಸದವರು, ಬೇಸಿಗೆಗೆ ಸ್ವಂತ ನೀರು ಇರುವವರು ಸೇಬನ್ನು ಖಂಡಿತ ಪ್ರಯತ್ನಿಸಲಿ. ಅಂಗಡಿಯ ಹಣ್ಣಿನ ಬೀಜ ಊರಿ ಮರ ಮಾಡುವ ಆಸೆಯನ್ನು ಮಾತ್ರ ಬಿಡಬೇಕು. ಬೀಜದ ಗಿಡ ತಾಯಿಮರದ ಗುಣ ಉಳಿಸಿಕೊಳ್ಳುವುದಿಲ್ಲ, ಚಳಿ ಬೇಡುವ ಸ್ವಭಾವವೂ ಸಾಮಾನ್ಯವಾಗಿ ಹೋಗುವುದಿಲ್ಲ.

ತಮ್ಮಲ್ಲಿ ನನ್ನದೊಂದು ವಿನಂತಿಯಿದೆ. ಮನೆಯಂಗಳದ ಸೇಬಿನ ಚಿತ್ರ ಪ್ರಕಟಿಸುವಾಗ ತಳಿಯ ಹೆಸರು, ಮರದ ವಯಸ್ಸು, ಎಷ್ಟು ಮರಗಳಿವೆ, ಎಲೆ ಬಿಡಿಸಿದ್ದಾರೆಯೇ, ಆ ವರ್ಷ ಎಷ್ಟು ಹಣ್ಣು ಬಂದವು ಎಂಬ ವಿವರಗಳನ್ನೂ ಕೇಳಿ ಮುದ್ರಿಸಬೇಕು. ತೋಟಗಾರಿಕೆ ಇಲಾಖೆಯವರಲ್ಲೂ ಇದೇ ಕೋರಿಕೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಬರುವ ಸಸಿ ಮಾರಾಟಗಾರರು ಪ್ರತಿ ಸೇಬಿನ ಸಸಿಯ ಮೇಲೆ ತಳಿ, ಬೇರುಸಸ್ಯ, ಜೊತೆಗೆ ನೆಡಬೇಕಾದ ಇನ್ನೊಂದು ತಳಿ, ಈ ಮೂರನ್ನು ಕನ್ನಡದಲ್ಲಿ ಬರೆದ ಚೀಟಿ ಕಟ್ಟುವಂತೆ ಇಲಾಖೆಯು ಸೂಚಿಸಬೇಕು. ಅಂತಹದೊಂದು ಚೀಟಿ ಆರು ವರ್ಷಗಳ ಹಿಂದೆ ನಮ್ಮ ಕೈಗೆ ಸಿಕ್ಕಿದ್ದರೆ ಆ ಒಂಬತ್ತು ಹೂಗಳು ಸುಮ್ಮನೆ ಉದುರುತ್ತಿರಲಿಲ್ಲ.

ಇಂತಿ ವಂದನೆಗಳೊಂದಿಗೆ,
ನಿವೃತ್ತ ಶಾಲಾ ಶಿಕ್ಷಕಿ, ಬೆಂಗಳೂರು